ಬರೆಯಬಲ್ಲರು, ಓದಲಾರರು: ಇದು ನಾಟಕವಲ್ಲ

ಸಹೋದರಿ,

ಪಾರ್ಶ್ವವಾಯು ಬಡಿದ ಮೇಲೆ ನಿಮ್ಮ ತಂದೆಯವರ ಮಾತು ಸರಿಯಾಗಿದೆ, ಕೈಕಾಲೂ ಆಡುತ್ತಿವೆ. ಸಂತೆಯ ಚೀಟಿ ಬರೆದುಕೊಡುತ್ತಾರೆ. ಅರ್ಧ ಗಂಟೆ ಬಿಟ್ಟು ಅದೇ ಚೀಟಿ ಕೈಗಿಟ್ಟರೆ ಓದಲಾಗದೆ ಸುಮ್ಮನಾಗುತ್ತಾರೆ. ಕ್ಯಾಲೆಂಡರಿನ ತಾರೀಖು ಹೇಳುತ್ತಾರೆ, ಅದರ ಕೆಳಗಿರುವ ಹಬ್ಬದ ಹೆಸರು ಮಾತ್ರ ತಿಳಿಯುವುದಿಲ್ಲ. “ಬರೆದವರಿಗೇ ಓದಲು ಬರದೆ ಇರುತ್ತದೆಯೇ, ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ಅಣ್ಣ ಸಿಡುಕುತ್ತಾನೆ” ಎಂದು ಬರೆದಿದ್ದೀರಿ.

ದಯವಿಟ್ಟು ಅಣ್ಣನಿಗೆ ಇದನ್ನು ಓದಿ ಹೇಳಿ. 1887ರಲ್ಲಿ ಫ್ರಾನ್ಸಿನ ವಿದ್ಯಾವಂತರೊಬ್ಬರಿಗೆ ಹೀಗೇ ಆಗಿತ್ತು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು, ಬರೆದದ್ದನ್ನು ಓದಲಾರರು. ಅಂಕಿಗಳನ್ನು ಗುರುತಿಸಿ ಲೆಕ್ಕ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ವೈದ್ಯ ಜೂಲ್ ಡೆಜೆರಿನ್ ಮೆದುಳನ್ನು ಪರೀಕ್ಷಿಸಿ, 1892ರಲ್ಲಿ ಅದರ ವಿವರ ಪ್ರಕಟಿಸಿದರು. ಎಡ ಮೆದುಳಿನ ಹಿಂಬದಿಯಲ್ಲಿ ನೋಟಕ್ಕೆ ಸಂಬಂಧಿಸಿದ ಭಾಗ ಹಾಳಾಗಿತ್ತು. ಎರಡೂ ಪಾರ್ಶ್ವಗಳನ್ನು ಕೂಡಿಸುವ ನರತಂತುಗಳ ಹಿಂತುದಿಯೂ ಕೆಟ್ಟಿತ್ತು. ಬಲ ಮೆದುಳು ಅಕ್ಷರವನ್ನು ನೋಡುತ್ತಿತ್ತು, ಆದರೆ ನೋಡಿದ್ದು ಎಡಗಡೆಯ ಭಾಷೆಯ ಭಾಗಗಳಿಗೆ ತಲುಪುತ್ತಿರಲಿಲ್ಲ. ಬರೆಯುವಾಗ ಪದ ಭಾಷೆಯ ಭಾಗದಿಂದ ಹೊರಟು ಕೈಗೆ ಹೋಗುತ್ತದೆ. ಆ ದಾರಿಗೆ ಏನೂ ಆಗಿರಲಿಲ್ಲ.

ಓದುವುದಕ್ಕೆಂದೇ ಹುಟ್ಟಿನಿಂದ ಬಂದ ಅಂಗ ಮೆದುಳಿನಲ್ಲಿಲ್ಲ. ಬರವಣಿಗೆ ಹುಟ್ಟಿ ಸುಮಾರು ಐದು ಸಾವಿರ ವರ್ಷವಾಗಿರಬಹುದು, ಅಷ್ಟೇ. ಮುಖ, ವಸ್ತುಗಳನ್ನು ಗುರುತಿಸುವ ಭಾಗಗಳ ಪಕ್ಕದಲ್ಲೇ, ಎಡ ಮೆದುಳಿನ ತಳದ ಹಿಂಬದಿಯಲ್ಲಿ ಒಂದಿಷ್ಟು ಜಾಗ ಅಕ್ಷರಾಭ್ಯಾಸದಿಂದ ಬರಹಕ್ಕೆ ಪಳಗುತ್ತದೆ. ಶಬ್ದ ಮತ್ತು ಅರ್ಥದ ಭಾಗಗಳೊಡನೆ ಅದರ ನಂಟು ಗಟ್ಟಿಯಾಗುತ್ತದೆ. ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹೇನ್ ಮತ್ತು ಸಂಗಡಿಗರು ಬ್ರೆಜಿಲ್, ಪೋರ್ಚುಗಲ್‌ಗಳ ಓದು ಬಲ್ಲವರನ್ನೂ ಬಾರದವರನ್ನೂ ಸ್ಕ್ಯಾನ್ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ಅಕ್ಷರ ಕಲಿತವರಲ್ಲೂ ಈ ಬದಲಾವಣೆ ಕಂಡಿತ್ತು. ನನಗೆ ಬಹಳ ಸಂತೋಷ ಕೊಟ್ಟ ಸಂಗತಿ ಇದು. ಆದರೆ ಅವರದು ಪೆಟ್ಟು ಬೀಳದ ಮೆದುಳು. ತಂದೆಯವರಿಗೂ ಅಷ್ಟೇ ಫಲ ಸಿಗುತ್ತದೆಂದು ನಾನು ಮಾತು ಕೊಡಲಾರೆ.

ಮನೆಯಲ್ಲಿ ಒಂದು ಪ್ರಯತ್ನ ಮಾಡಬಹುದು. ಹಾಳೆಯ ಮೇಲೆ ದಪ್ಪಗೆ ‘ಮಗ’ ಎಂದು ಬರೆದು, ಹಿಂದೆ ಮಣ್ಣಿನಲ್ಲಿ ಅಕ್ಷರ ತಿದ್ದುತ್ತಿದ್ದಂತೆ ತೋರುಬೆರಳಿನಿಂದ ತಿದ್ದಿಸಿ. ಕಣ್ಣಿಗೆ ದಕ್ಕದ ಅಕ್ಷರ ಕೆಲವರಿಗೆ ಬೆರಳಿನ ಚಲನೆಯಿಂದ ಹೊಳೆಯುತ್ತದೆ. ಡೆಜೆರಿನ್ನರ ರೋಗಿಯೂ ಹೀಗೇ ಅಕ್ಷರ ಗುರುತಿಸುತ್ತಿದ್ದರು. ‘ಅಕ್ಕ’, ‘ರಸ್ತೆ’ಯಂಥ ಒತ್ತಕ್ಷರದ ಪದಗಳು ಆಮೇಲೆ ಬರಲಿ. ದಣಿವಾದರೆ ಅಲ್ಲಿಗೇ ನಿಲ್ಲಿಸಿ. ಮೊಮ್ಮಕ್ಕಳ ಮುಂದೆ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಪತ್ರ ಓದಿ ರೋಗ ಹೇಳುವ ಅಧಿಕಾರ ನನಗಿಲ್ಲ. ನರರೋಗ ತಜ್ಞರಿಗೆ ತೋರಿಸಿ, ಸಂತೆ ಚೀಟಿಯ ವಿಷಯವನ್ನು ನಮಗೆ ಬರೆದಂತೆಯೇ ಹೇಳಿ. ಓದಿನ ತರಬೇತಿಯ ಬಗ್ಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಇನ್ನೊಂದು ಮಾತು: ಇಂಥವರಲ್ಲಿ ಅನೇಕರಿಗೆ ಎರಡೂ ಕಣ್ಣಿನ ನೋಟದಲ್ಲಿ ಬಲಬದಿ ಕಾಣಿಸುವುದಿಲ್ಲ, ಅದು ಅವರ ಅರಿವಿಗೇ ಬಂದಿರುವುದಿಲ್ಲ. ಆ ಪರೀಕ್ಷೆ ಆಗಿ ವೈದ್ಯರು ಒಪ್ಪುವವರೆಗೆ ತಂದೆಯವರು ಸ್ಕೂಟರ್ ಓಡಿಸುವುದು ಬೇಡ. ಈ ಮಾತನ್ನು ಅಣ್ಣನೇ ಅವರಿಗೆ ಸಮಾಧಾನವಾಗಿ ಹೇಳಲಿ.

– ಸಂಪಾದಕ