ದಾವಣಗೆರೆಯಿಂದ ಕ್ರಾಯ್ಡನ್‌ಗೆ ಬರುವ ತಂಗಿಗೆ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ.

ನಿಮ್ಮ ಯಜಮಾನರಿಗೆ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಕೆಲಸ ಸಿಕ್ಕಿದೆ. ನಾಲ್ಕು ವರ್ಷದ ಮಗನಿಗೆ ತೀವ್ರ ಹೀಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದೆ. ಇಂಗ್ಲೆಂಡಿನಲ್ಲಿ ಔಷಧ ಸಿಗುತ್ತದಾ, ಖರ್ಚೆಷ್ಟು, ನಮ್ಮಂಥವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀಯ. ಕೊನೆಗೆ ಸಣ್ಣದಾಗಿ ಇನ್ನೊಂದು ಸಾಲು ಸೇರಿಸಿದ್ದೀಯ: "ಅಲ್ಲಿನ ಕನ್ನಡದವರಿಗೆ ಗೊತ್ತಾಗದ ಹಾಗೆ ಇರಬಹುದಾ ಅಕ್ಕ? ಯಾರಿಗೂ ಹೇಳಬೇಡ ಅಂತ ಅತ್ತೆ ಹೇಳಿದ್ದಾರೆ." ನನಗೆ ರಾತ್ರಿ ನಿದ್ದೆ ಬಾರದ ಹಾಗೆ ಮಾಡಿದ್ದು ಆ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಔಷಧದ ವಿಷಯ.

ಔಷಧ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವೀಸಾಕ್ಕೆ ಅರ್ಜಿ ಹಾಕುವಾಗಲೇ ಆರೋಗ್ಯದ ಸರ್‌ಚಾರ್ಜ್ ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ಎಷ್ಟು ವರ್ಷದ ವೀಸಾನೋ ಅಷ್ಟೂ ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಮೂರು ಜನರ ಲೆಕ್ಕ ಹಾಕಿದರೆ ಸಣ್ಣ ಮೊತ್ತ ಅಲ್ಲ. ಕಂಪನಿಯವರು ಕಟ್ಟುತ್ತಾರಾ ಅಂತ ಈಗಲೇ ಕೇಳಿ, ಬಂದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಒಮ್ಮೆ ಕಟ್ಟಿದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನಿಮ್ಮ ಮಗ ಇಲ್ಲಿ ಹುಟ್ಟಿದ ಮಗುವಿನ ಹಾಗೆಯೇ. ನಿಮ್ಮ ವೀಸಾದಲ್ಲಿ 'ಪಬ್ಲಿಕ್ ಫಂಡ್ಸ್ ಇಲ್ಲ', ಅಂದರೆ ಸರ್ಕಾರದ ಸಹಾಯಧನ ಸಿಗದು, ಅಂತ ಬರೆದಿರುತ್ತದೆ, ಅದನ್ನು ನೋಡಿ ಹೆದರಬೇಡ. ಆಸ್ಪತ್ರೆಯ ಚಿಕಿತ್ಸೆ ಅದರೊಳಗೆ ಬರುವುದಿಲ್ಲ. ಆದರೆ ಅಂಗವಿಕಲ ಮಕ್ಕಳಿಗೆ ಕೊಡುವ ಡಿಎಲ್‌ಎ ಭತ್ಯೆ ಅದರೊಳಗೆ ಬರುತ್ತದೆ. ಪಾರ್ಕಿನಲ್ಲಿ ಸಿಕ್ಕಿದವರು ಯಾರೋ ಹೇಳಿದರು ಅಂತ ಅದಕ್ಕೆ ಅರ್ಜಿ ಹಾಕಬೇಡ. ವೀಸಾಕ್ಕೇ ತೊಂದರೆಯಾಗುತ್ತದೆ.

ಇಲ್ಲಿ ಹೀಮೋಫಿಲಿಯಾವನ್ನು ಎಲ್ಲ ಆಸ್ಪತ್ರೆಯಲ್ಲೂ ನೋಡುವುದಿಲ್ಲ. ಅದಕ್ಕೇ ಬೇರೆ ಸೆಂಟರ್‌ಗಳಿವೆ. ಡಾಕ್ಟರ್, ನರ್ಸ್, ಫಿಸಿಯೋ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ನಮ್ಮದು ಥೇಮ್ಸ್ ನದಿಯ ದಡದಲ್ಲಿರುವ ಸೇಂಟ್ ಥಾಮಸ್ ಆಸ್ಪತ್ರೆ. ಮಕ್ಕಳಿಗೆ ಅಲ್ಲೇ ಎವೆಲಿನಾ ಮಕ್ಕಳ ಆಸ್ಪತ್ರೆ ಇದೆ. ಮನೆ ಹತ್ತಿರದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸಿ, ಅವರಿಂದ ಪತ್ರ ಹೋಗಬೇಕು. ಮನೆ ಸಿಕ್ಕ ವಾರವೇ ಈ ಕೆಲಸ ಮಾಡು, ಸೋಫಾ ಆಮೇಲೆ ಕೊಂಡರೂ ಆಯಿತು. ಊರಿಂದ ಹೊರಡುವ ಮುಂಚೆ ಡಾಕ್ಟರ್ ಕೈಲಿ ಒಂದು ಪತ್ರ ಬರೆಸಿಕೋ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಮಟ್ಟ ಎಷ್ಟು, ಆ ಫ್ಯಾಕ್ಟರ್ ಔಷಧವನ್ನೇ ಕೆಲಸ ಮಾಡದಂತೆ ತಡೆಯುವ ಇನ್ಹಿಬಿಟರ್ ಪರೀಕ್ಷೆಯ ಫಲಿತಾಂಶ, ಯಾವ ಕೀಲಿನಲ್ಲಿ ಎಷ್ಟು ಸಲ ರಕ್ತ ತುಂಬಿದೆ, ಯಾವ ಲಸಿಕೆ ಆಗಿದೆ, ಇಷ್ಟೂ ಅದರಲ್ಲಿರಲಿ. ಫ್ಯಾಕ್ಟರ್ ಬಾಟಲಿಗಳನ್ನು ಕೈಚೀಲದಲ್ಲೇ ಇಟ್ಟುಕೋ, ವಿಮಾನದ ಹೊಟ್ಟೆಗೆ ಹಾಕಬೇಡ.

ನಿನ್ನ ಮಗನಿಗೆ ಈಗ ನರದಲ್ಲಿ ಫ್ಯಾಕ್ಟರ್ 8 ಕೊಡುತ್ತಿದ್ದಾರೆ. ಇಲ್ಲಿ ಬಹುಶಃ ಎಮಿಸಿಜುಮ್ಯಾಬ್ ಬಗ್ಗೆ ಮಾತಾಡುತ್ತಾರೆ. ತೀವ್ರ ಹೀಮೋಫಿಲಿಯಾ ಎ ಇರುವವರಿಗೆ, ಇನ್ಹಿಬಿಟರ್ ಇಲ್ಲದಿದ್ದರೂ, ಎನ್‌ಎಚ್‌ಎಸ್ 2019ರಿಂದ ಅದನ್ನು ಕೊಡುತ್ತಿದೆ. ಚರ್ಮದ ಕೆಳಗೆ ಚುಚ್ಚುವ ಔಷಧ. ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ ಸಾಕು. ನರ ಹುಡುಕುವ ಗೋಳಿಲ್ಲ. ನನ್ನ ಮಗನಿಗೆ ಅದು ಶುರುವಾದಾಗ ಹದಿಮೂರು ವರ್ಷ. ಅದಕ್ಕೂ ಮುಂಚೆ ದಿನ ಬಿಟ್ಟು ದಿನ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಅವನ ಕೈ ಹಿಡಿದು ಕೂರುತ್ತಿದ್ದೆ. ಚುಚ್ಚುವುದನ್ನು ಕಲಿಯುವಾಗ ನರ್ಸ್ ನನ್ನಿಂದ ಮೊದಲು ನಮ್ಮ ಯಜಮಾನರ ಕೈಗೆ ಚುಚ್ಚಿಸಿದರು. ಅವರು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು. ನನ್ನ ಕೈ ನಡುಗುತ್ತಿತ್ತು. ಟ್ಯೂಬಿನಲ್ಲಿ ಕೆಂಪಗೆ ರಕ್ತ ಬಂದಾಗ ನರ್ಸ್ ನನ್ನ ಬೆನ್ನು ತಟ್ಟಿದ್ದು ಇವತ್ತಿಗೂ ನೆನಪಿದೆ.

ಒಂದು ಮಾತು ಮಾತ್ರ ಮರೆಯಬೇಡ. ಈ ಔಷಧ ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಎಪಿಟಿಟಿ ಪರೀಕ್ಷೆ ಮಾಡಿದರೆ ಎಲ್ಲ ಸರಿಯಿದೆ ಅಂತ ಸುಳ್ಳು ತೋರಿಸುತ್ತದೆ. ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಅದನ್ನು ನಂಬಿ ಮನೆಗೆ ಕಳಿಸಿಬಿಡಬಹುದು. ಜೋರಾಗಿ ಪೆಟ್ಟು ಬಿದ್ದರೆ ಆಗಲೂ ಫ್ಯಾಕ್ಟರ್ ಬೇಕಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಏನೇ ಆಗಲಿ ಮನೆಯಿಂದ ಹೊರಡುವ ಮುಂಚೆ ಸೆಂಟರ್‌ಗೆ ಫೋನ್ ಮಾಡು. ನಾವು ಬಂದ ವರ್ಷ, 2010ರಲ್ಲಿ, ಮಗ ಮೆಟ್ಟಿಲಿಂದ ಬಿದ್ದ. ಹತ್ತಿರ ಅಂತ ಬೇರೊಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದೆವು. ನಾಲ್ಕು ಗಂಟೆ ಕುರ್ಚಿಯಲ್ಲಿ ಕೂರಿಸಿದರು. ಮಂಡಿ ತೆಂಗಿನಕಾಯಿ ಹಾಗೆ ಊದಿಕೊಂಡಿತು. ನನಗೆ ಇಂಗ್ಲಿಷ್‌ನಲ್ಲಿ ಜಗಳ ಆಡಲು ಬರುತ್ತಿರಲಿಲ್ಲ. ಕೊನೆಗೆ ನಮ್ಮ ಸೆಂಟರಿನ ನರ್ಸ್‌ಗೆ ಫೋನ್ ಹಚ್ಚಿ ಅಲ್ಲಿದ್ದ ಡಾಕ್ಟರ್ ಕೈಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಫ್ಯಾಕ್ಟರ್ ಒಳಗೆ ಹೋಯಿತು.

ತಲೆಗೆ ಪೆಟ್ಟಾದರೆ ಫ್ಯಾಕ್ಟರ್ ಮೊದಲು, ಸ್ಕ್ಯಾನ್ ಆಮೇಲೆ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ. ಇದು ನಿನಗೆ ಊರಲ್ಲೇ ಗೊತ್ತಿರುತ್ತದೆ. ಶಾಲೆಯ ಚಿಂತೆಯೂ ಜಾಸ್ತಿ ಬೇಡ. ಸೆಂಟರಿನ ನರ್ಸ್ ಶಾಲೆಗೇ ಹೋಗಿ ಟೀಚರ್‌ಗಳಿಗೆ ಹೇಳಿಕೊಡುತ್ತಾರೆ.

ನಮ್ಮಂಥವರು ಇದ್ದಾರಾ ಅಂತ ಕೇಳಿದೆ. ದಾವಣಗೆರೆಯವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಗೇ ಹೀಮೋಫಿಲಿಯಾ ಇದ್ದ ಡಾಕ್ಟರ್ ಸುರೇಶ್ ಹನಗವಾಡಿಯವರು ಅಲ್ಲಿ ಕರ್ನಾಟಕ ಹೀಮೋಫಿಲಿಯಾ ಸೊಸೈಟಿ ಕಟ್ಟಿದರು. ಹರಿಹರದಿಂದ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ನಾನು ಅಲ್ಲಿಗೇ ಹೋಗುತ್ತಿದ್ದೆ. ಹೊರಗಿನ ಬೆಂಚಿನ ಮೇಲೆ ಊದಿದ ಮೊಣಕೈ, ಊದಿದ ಮಂಡಿಯ ಮಕ್ಕಳು ಸಾಲಾಗಿ ಕೂತಿರುತ್ತಿದ್ದರು. ಅವರ ಅಮ್ಮಂದಿರು ಒಬ್ಬರಿಗೊಬ್ಬರು ಚಕ್ಕುಲಿ ಹಂಚಿಕೊಂಡು ಮಾತಾಡುತ್ತಿದ್ದರು. ನನಗೆ ಮೊದಲ ಸಲ ಉಸಿರು ಬಿಡಲು ಆಗಿದ್ದು ಆ ಬೆಂಚಿನ ಮೇಲೆ.

ಇಲ್ಲೂ ಅಂಥ ಬೆಂಚಿದೆ ತಂಗಿ. 1950ರಲ್ಲಿ ಶುರುವಾದ ಹೀಮೋಫಿಲಿಯಾ ಸೊಸೈಟಿ ಇದೆ. ಹೊಸದಾಗಿ ಗೊತ್ತಾದ ಮಕ್ಕಳ ಅಪ್ಪ ಅಮ್ಮಂದಿರಿಗೆ ಅಂತಲೇ ವಾರಾಂತ್ಯದ ಕೂಟ ಮಾಡುತ್ತಾರೆ. ನಾವು ಹೋದ ಮೊದಲ ಕೂಟದಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಇಂಗ್ಲಿಷಿನವರು. ಕೋಲು ಹಿಡಿದು ಬಂದು ನನ್ನ ಮಗನ ಪಕ್ಕ ಕೂತು, ಪ್ಯಾಂಟ್ ಮೇಲಕ್ಕೆ ಮಡಚಿ ತಮ್ಮ ಮಂಡಿ ತೋರಿಸಿದರು. ಅದು ಮಡಚುತ್ತಲೇ ಇರಲಿಲ್ಲ. "ನನ್ನ ಕಾಲದಲ್ಲಿ ಔಷಧ ತಡವಾಗಿ ಬಂತು, ನಿನಗೆ ಬೇಗ ಬಂದಿದೆ, ತಪ್ಪದೆ ತಗೋ" ಅಂದರು. ಮಗ ಆ ಮಂಡಿಯನ್ನು ಮುಟ್ಟಿ ನೋಡಿದ. ಅವತ್ತಿನಿಂದ ಸೂಜಿಗೆ ಅಳುವುದು ಕಡಿಮೆಯಾಯಿತು.

ಆಮೇಲೆ ಮಕ್ಕಳು ಆಟಕ್ಕೆ ಹೋದಾಗ ಅವರು ಉಳಿದದ್ದನ್ನು ಹೇಳಿದರು. ಇಲ್ಲಿಗೆ ಬರುವ ಎಲ್ಲರೂ ಇದನ್ನು ತಿಳಿದಿರಬೇಕು. 1970 ಮತ್ತು 80ರ ದಶಕಗಳಲ್ಲಿ ಫ್ಯಾಕ್ಟರ್ ಅನ್ನು ಸಾವಿರಾರು ಜನರ ರಕ್ತದ ಪ್ಲಾಸ್ಮಾ ಒಟ್ಟಿಗೆ ಸೇರಿಸಿ ಮಾಡುತ್ತಿದ್ದರು. ಅಮೆರಿಕದಿಂದ ತರಿಸಿದ್ದರಲ್ಲಿ ಜೈಲಿನ ಕೈದಿಗಳದ್ದೂ, ದುಡ್ಡಿಗೆ ಕೊಟ್ಟವರದ್ದೂ ಇತ್ತು. ರಕ್ತಸ್ರಾವದ ಕಾಯಿಲೆಯಿದ್ದ ಸುಮಾರು 1,250 ಜನರಿಗೆ ಅದರಿಂದ ಎಚ್‌ಐವಿ ಬಂತು. ಅವರಲ್ಲಿ ಸುಮಾರು 380 ಮಂದಿ ಮಕ್ಕಳು. ಹೆಪಟೈಟಿಸ್ ಸಿ ಬಂದವರು ಇನ್ನೂ ಜಾಸ್ತಿ. ಹ್ಯಾಂಪ್‌ಶೈರ್‌ನ ಟ್ರೆಲೋರ್ ಶಾಲೆಯಲ್ಲಿ 1970ರಿಂದ 1987ರವರೆಗೆ ಹೀಮೋಫಿಲಿಯಾ ಇದ್ದ 122 ಮಕ್ಕಳು ಓದಿದರು. 2024ರ ಹೊತ್ತಿಗೆ ಬದುಕಿದ್ದವರು ಸುಮಾರು 30 ಮಂದಿಯಷ್ಟೇ. ಸರ್ ಬ್ರಯನ್ ಲ್ಯಾಂಗ್‌ಸ್ಟಾಫ್ ಅನ್ನುವ ನಿವೃತ್ತ ನ್ಯಾಯಾಧೀಶರು ಇದರ ಬಗ್ಗೆ ನಡೆಸಿದ ವಿಚಾರಣೆಯ ವರದಿ 2024ರ ಮೇ 20ರಂದು ಹೊರಬಂತು. ಇದನ್ನು ಬಹುಪಾಲು ತಡೆಯಬಹುದಿತ್ತು, ಸತ್ಯವನ್ನು ಮುಚ್ಚಿಟ್ಟರು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಈಗಿನ ಔಷಧದ ಬಗ್ಗೆ ನೀನು ಹೆದರಬೇಡ. ಲ್ಯಾಬಿನಲ್ಲೇ ತಯಾರಾಗುವ ಫ್ಯಾಕ್ಟರ್ ಬಂದು ಎಷ್ಟೋ ವರ್ಷಗಳಾದವು, ಎಮಿಸಿಜುಮ್ಯಾಬ್ ಕೂಡ ಹಾಗೆಯೇ ತಯಾರಾಗುವುದು.

ಆ ಹಿರಿಯರ ಇಬ್ಬರು ಅಣ್ಣಂದಿರು ಹೀಗೇ ತೀರಿಕೊಂಡರಂತೆ. ಏಡ್ಸ್ ಅಂದರೆ ಜನ ದೂರ ಸರಿಯುತ್ತಿದ್ದ ಕಾಲ. ಅವರ ತಾಯಿ ಒಬ್ಬ ಮಗನಿಗೆ ಕ್ಯಾನ್ಸರ್ ಅಂತ ಹೇಳಿ ಮಣ್ಣು ಮಾಡಿದರಂತೆ. ಪಕ್ಕದ ಬೀದಿಯ ಮನೆಯಲ್ಲೂ ಅದೇ ನೋವಿತ್ತು ಅಂತ ಇಪ್ಪತ್ತು ವರ್ಷ ಆದ ಮೇಲೆ ಗೊತ್ತಾಯಿತಂತೆ. ಎರಡು ಮನೆಯ ತಾಯಂದಿರು ಒಬ್ಬರ ಮುಖ ಒಬ್ಬರು ನೋಡದೆ ಹೋಗಿಬಿಟ್ಟರು ಅಂದಾಗ ಅವರ ದನಿ ಒಡೆಯಿತು.

ಈಗ ನಿನ್ನ ಆ ಕೊನೆಯ ಸಾಲಿಗೆ ಬರುತ್ತೇನೆ. ನಿಮ್ಮತ್ತೆ ಕೆಟ್ಟವರಲ್ಲ, ಹೆದರಿದ್ದಾರೆ. ನಮ್ಮ ಮನೆಯಲ್ಲೂ "ತಾಯಿ ಕಡೆಯಿಂದ ಬಂದ ರಕ್ತ" ಅಂತ ನನ್ನ ಮುಂದೆಯೇ ಹೇಳಿದರು. ಮಗು ಅಂಬೆಗಾಲಿಡುವಾಗ ಮೈಯೆಲ್ಲಾ ನೀಲಿಗಟ್ಟಿದ್ದಕ್ಕೆ ನಾನೇ ಹೊಡೆಯುತ್ತೇನೆ ಅಂತ ಅಂದುಕೊಂಡವರೂ ಇದ್ದರು. ಆದರೆ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಹೀಮೋಫಿಲಿಯಾ ಮನೆತನದಲ್ಲಿ ಇಲ್ಲದೆಯೇ ಹೊಸದಾಗಿ ಬರುತ್ತದೆ. ಮನೆತನದಲ್ಲಿ ಬಂದಿದ್ದರೂ ಅದು ಯಾರ ತಪ್ಪು? ಅದು ತಪ್ಪೇ ಅಲ್ಲ.

ಮುಚ್ಚಿಟ್ಟರೆ ಅದರಿಂದ ಕೆಡುವುದು ಮಗನ ಕಾಲು ಒಂದೇ ಅಲ್ಲ. ನನ್ನ ಕಥೆ ಹೇಳುತ್ತೇನೆ. ನನಗೆ ಹುಡುಗಿಯಾಗಿದ್ದಾಗಿನಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ. ಎಲ್ಲ ಹೆಂಗಸರಿಗೂ ಹೀಗೇ ಅಂದುಕೊಂಡಿದ್ದೆ. ಮಗನಿಗೆ ಏಳು ವರ್ಷ ಆದಾಗ ಸೆಂಟರಿನ ಡಾಕ್ಟರ್ "ನಿಮ್ಮ ಫ್ಯಾಕ್ಟರ್ ಎಷ್ಟಿದೆ, ನೋಡಿಸಿದ್ದೀರಾ?" ಅಂತ ಕೇಳಿದರು. ಅಷ್ಟು ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪರೀಕ್ಷೆ ಮಾಡಿದರೆ 31 ಪರ್ಸೆಂಟ್. 5ರಿಂದ 40ರೊಳಗೆ ಇದ್ದರೆ ಅದೂ ಹೀಮೋಫಿಲಿಯಾನೇ, ಸೌಮ್ಯವಾದದ್ದು. ಹೆರಿಗೆಯಲ್ಲಿ ನಾನು ಬದುಕಿದ್ದೇ ಪುಣ್ಯ. ಸೊಸೈಟಿಯವರು ಹೆಂಗಸರಿಗಾಗಿ 'ಟಾಕಿಂಗ್ ರೆಡ್' ಅಂತ ನಡೆಸುತ್ತಾರೆ, ಅಲ್ಲಿ ಇದನ್ನೆಲ್ಲ ಬಾಯಿ ಬಿಟ್ಟು ಮಾತಾಡುತ್ತಾರೆ. ನೀನೂ ನಿನ್ನ ಫ್ಯಾಕ್ಟರ್ ನೋಡಿಸಿಕೋ. ತಂಗಿಯರಿದ್ದರೆ ಅವರಿಗೂ ಹೇಳು. ಇನ್ನೊಂದು ಮಗು ಬೇಕು ಅಂತಿದ್ದರೆ ಮೊದಲೇ ಸೆಂಟರ್‌ಗೆ ತಿಳಿಸು, ಹೆರಿಗೆ ಹೇಗೆ ಅಂತ ಅವರು ಮುಂಚೆಯೇ ಬರೆದಿಡುತ್ತಾರೆ.

ಮತ್ತೆ ಕನ್ನಡದವರ ವಿಷಯ. ನಾನೂ ಮೂರು ವರ್ಷ ಬಚ್ಚಿಟ್ಟೆ. ಕುಂಟುತ್ತಿದ್ದಾನಲ್ಲ ಅಂದರೆ ಉಳುಕಿದೆ ಅನ್ನುತ್ತಿದ್ದೆ. ಒಂದು ರಾಜ್ಯೋತ್ಸವದ ದಿನ ಮಗ ಕುಣಿಯುವಾಗ ಬಿದ್ದ. ಎಲ್ಲರ ಮುಂದೆಯೇ ಚೀಲ ತೆಗೆದು ಫ್ಯಾಕ್ಟರ್ ಕಲಸಿ ಚುಚ್ಚಬೇಕಾಯಿತು. ಸಭಾಂಗಣದಲ್ಲಿ ಒಂದು ಮಾತೂ ಇಲ್ಲ. ಒಬ್ಬರು ಫ್ರೀಜರಿನಿಂದ ಬಟಾಣಿ ಪ್ಯಾಕೆಟ್ ತಂದು ಬಟ್ಟೆ ಸುತ್ತಿ ಅವನ ಮಂಡಿ ಮೇಲಿಟ್ಟರು. ಆಮೇಲೆ ನಾನು ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದಾಗ ಒಬ್ಬಾಕೆ ಹತ್ತಿರ ಬಂದರು. ಸೌಟು ನನ್ನ ಕೈಯಿಂದ ತೆಗೆದುಕೊಂಡು, ತಲೆ ಎತ್ತದೆ, ಮೆಲ್ಲಗೆ ಹೇಳಿದರು: "ನನ್ನ ಮಗಳಿಗೆ ಹನ್ನೆರಡು ದಿನ ನಿಲ್ಲುವುದಿಲ್ಲ. ಮೂಗಿನಲ್ಲೂ ರಕ್ತ ಬರುತ್ತೆ. ಯಾರನ್ನ ಕೇಳೋದು ಗೊತ್ತಿಲ್ಲ."

ಆ ಹುಡುಗಿಗೆ ಇದ್ದದ್ದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆಗಳಲ್ಲಿ ಅದೇ ಎಲ್ಲಕ್ಕಿಂತ ಸಾಮಾನ್ಯ. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಈಗ ಔಷಧ ತೆಗೆದುಕೊಂಡು ಕಾಲೇಜಿಗೆ ಹೋಗುತ್ತಿದ್ದಾಳೆ. ಅವತ್ತು ನನ್ನ ಮಗ ಬೀಳದಿದ್ದರೆ ಆ ತಾಯಿ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ, ಅಲ್ವಾ? ನಾವಿಬ್ಬರೂ ಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ಪಾತ್ರೆ ತೊಳೆದಿದ್ದೆವು.

ಊರಿಗೆಲ್ಲಾ ಡಂಗುರ ಹೊಡೆಸು ಅನ್ನುತ್ತಿಲ್ಲ. ನಾಲ್ಕು ಜನರಿಗೆ ಹೇಳು. ಪಕ್ಕದ ಮನೆ, ಶಾಲೆ, ಒಂದು ಕನ್ನಡದ ಮನೆ, ಮತ್ತೆ ನಾನು. ನಾಲ್ಕರಲ್ಲಿ ಒಂದು ಈಗಾಗಲೇ ಆಗಿದೆ.

ಮೊದಲ ಅಪಾಯಿಂಟ್‌ಮೆಂಟ್ ದಿನ ಯಾವಾಗ ಅಂತ ತಿಳಿಸು, ನಾನು ರಜೆ ಹಾಕುತ್ತೇನೆ. ಎವೆಲಿನಾದಿಂದ ಹೊರಬಂದು ನದಿ ದಡದಲ್ಲೇ ಸ್ವಲ್ಪ ನಡೆದರೆ ಲ್ಯಾಂಬೆತ್ ಸೇತುವೆಯಿಂದ ಮುಂದೆ, ಅದೇ ದಡದಲ್ಲಿ ಬಸವಣ್ಣನ ಪ್ರತಿಮೆ ಇದೆ. ನನ್ನ ಮಗನಿಗೆ ಪ್ರತಿ ಸಲ ಸೂಜಿ ಆದ ಮೇಲೆ ಅಲ್ಲಿ ಕೂತು ಅವಲಕ್ಕಿ ತಿನ್ನುವುದು ಅಭ್ಯಾಸ. ಈಗ ಅವನು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ, ತಾನೇ ಚುಚ್ಚಿಕೊಳ್ಳುತ್ತಾನೆ. ನಿನ್ನ ಮಗನನ್ನು ನೋಡಬೇಕು ಅಂತ ಅವನೂ ಬರುತ್ತಾನಂತೆ. ಮಗನಿಗೆ ಅವಲಕ್ಕಿ ಖಾರದ್ದಾ, ಸಿಹಿಯದ್ದಾ ಅಂತ ಬರೆ.