ಮಳೆಗಾಲದಲ್ಲಿ ಇಬ್ಬರು, ಎರಡು ಬೈಕ್, ನಾಲ್ಕು ದಿನ ಕೊಡಗು: ಏನೇನು ನೋಡಿಕೊಳ್ಳಬೇಕು?

ನಿಮ್ಮ ಪ್ರಶ್ನೆ ಇದು: ಜುಲೈ ಕೊನೆಯ ವಾರ ಗೆಳೆಯನ ಜೊತೆ ಬೆಂಗಳೂರಿನಿಂದ ಹೊರಟು, ಮಡಿಕೇರಿ, ಭಾಗಮಂಡಲ, ವಿರಾಜಪೇಟೆ ಸುತ್ತಿ ನಾಲ್ಕನೇ ದಿನ ವಾಪಸ್. ನಿಮ್ಮದು 350 ಸಿಸಿ, ಅವರದು 150. ಒಳ್ಳೆಯ ರೈನ್‌ಕೋಟ್ ಇದ್ದರೆ ಸಾಕಾ?

ಸಾಲದು. ನೀವು ಆರಿಸಿಕೊಂಡಿರುವುದು ಸರಿಯಾಗಿ ಕಕ್ಕಡ ತಿಂಗಳನ್ನು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳನ್ನು. ಕೊಡವರು ಮದುವೆ ಮುಂಜಿ ಇಟ್ಟುಕೊಳ್ಳದ, ಗದ್ದೆ ನಾಟಿ ಬಿಟ್ಟರೆ ಬೇರೆ ಯೋಚನೆ ಮಾಡದ ತಿಂಗಳು ಅದು. ಹೋಗಬೇಡಿ ಎನ್ನುವುದಿಲ್ಲ. ಆದರೆ ಇಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿ ಹೊರಡಬೇಡಿ, ಎಷ್ಟು ಹೊತ್ತು ಬೆಳಕಿರುತ್ತದೆ ಎಂದು ಲೆಕ್ಕ ಹಾಕಿ. ಪಂಚಾಂಗದ ಪ್ರಕಾರ ಸೂರ್ಯ ಮುಳುಗುವುದು ಏಳರ ಹತ್ತಿರವಾದರೂ, ಮೋಡ, ಮಂಜು, ಕಾಫಿ ತೋಟದ ಮರಗಳ ನೆರಳು ಮೂರೂ ಸೇರಿದರೆ ಐದೂವರೆಗೇ ರಸ್ತೆಯ ಗುಂಡಿ ಕಾಣುವುದಿಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 265 ಕಿ.ಮೀ. ಮಳೆಯಲ್ಲಿ ಊಟ ತಿಂಡಿ ಸೇರಿ ಎಂಟು ಗಂಟೆ ಹಿಡಿಯಿರಿ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಮಧ್ಯಾಹ್ನ ಒಂದು, ಎರಡರ ಹೊತ್ತಿಗೆ ರೂಮಿನಲ್ಲಿ ಇರುತ್ತೀರಿ. ಹತ್ತಕ್ಕೆ ಬಿಟ್ಟರೆ ಸುಂಟಿಕೊಪ್ಪದ ತಿರುವುಗಳು ಕತ್ತಲಲ್ಲಿ ಸಿಗುತ್ತವೆ.

ಮೊದಲು ಬೈಕ್. ಟೈರಿನ ಗೆರೆಗಳ ನಡುವೆ ಸವೆತದ ಗುರುತಿನ ಸಣ್ಣ ದಿಬ್ಬಗಳಿರುತ್ತವೆ. ರಬ್ಬರು ಆ ಮಟ್ಟಕ್ಕೆ ಬಂದಿದ್ದರೆ ಟೈರ್ ಸತ್ತಿದೆ ಎಂದರ್ಥ. ಮಳೆಗೆ ಅಷ್ಟರವರೆಗೂ ಕಾಯಬಾರದು. ಹಿಂದಿನ ಟೈರಿನಲ್ಲಿ ಗೆರೆಯ ಆಳ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ನಾನಂತೂ ಬದಲಾಯಿಸಿಯೇ ಹೊರಡು ಎನ್ನುತ್ತೇನೆ. ಮಳೆಗೆ ಗಾಳಿ ಸ್ವಲ್ಪ ಇಳಿಸಿಕೊಂಡರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಬೈಕಿನವರಲ್ಲಿ ಓಡಾಡುತ್ತದೆ. ಡಾಂಬರು ರಸ್ತೆಗೆ ಅದು ತಪ್ಪು. ಗಾಳಿ ಇಳಿದ ಟೈರಿನ ಗೆರೆಗಳು ಒತ್ತಿಕೊಂಡು ಮುಚ್ಚುತ್ತವೆ, ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ. ಕಂಪನಿ ಹೇಳಿದಷ್ಟೇ ಗಾಳಿ, ಟೈರ್ ತಣ್ಣಗಿರುವಾಗ ಅಳತೆ ಮಾಡಿ ತುಂಬಿಸಿ. ಹಿಂದೆ ಲಗೇಜು ಇದ್ದರೆ ಹಿಂಬದಿ ಸವಾರನಿಗೆ ಹೇಳಿರುವ ಅಳತೆ.

ಮಳೆ ಮೊದಲು ತಿನ್ನುವುದು ಚೈನನ್ನು. ಇಡೀ ದಿನ ನೀರು ಮತ್ತು ಕೆಸರಿನಲ್ಲಿ ಓಡಿದ ಚೈನು ರಾತ್ರಿ ಕಳೆಯುವುದರೊಳಗೆ ಕೆಂಪು ತುಕ್ಕು ಹಿಡಿದಿರುತ್ತದೆ. ಬಿಸಿಲಿನಲ್ಲಿ 500 ಕಿ.ಮೀ.ಗೆ ಒಮ್ಮೆ ಎಣ್ಣೆ ಹಾಕುವವರು ಇಲ್ಲಿ ಪ್ರತಿ ಸಂಜೆ ಹಾಕಬೇಕು. ಬೈಕ್ ನಿಲ್ಲಿಸಿದ ಕೂಡಲೇ, ಚೈನು ಇನ್ನೂ ಬಿಸಿ ಇರುವಾಗ ಹಳೇ ಬಟ್ಟೆಯಲ್ಲಿ ಒರೆಸಿ. ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಕೆಳಗಿನ ಸಾಲಿನ ಒಳಮೈಗೆ ಸ್ಪ್ರೇ ಹೊಡೆಯಿರಿ. ಸ್ಪ್ರೇ ಇಲ್ಲದಿದ್ದರೆ 90 ನಂಬರ್ ಗೇರ್ ಆಯಿಲ್, 100 ಮಿ.ಲೀ. ಸಣ್ಣ ಬಾಟಲಿಯಲ್ಲಿ ಸಾಕು. ರಾತ್ರಿಯಿಡೀ ಇಳಿಯಲು ಬಿಟ್ಟು ಬೆಳಿಗ್ಗೆ ಹೆಚ್ಚಿನದನ್ನು ಒರೆಸಿ, ಇಲ್ಲವಾದರೆ ಅದು ಹಿಂದಿನ ಟೈರಿಗೆ ಚಿಮ್ಮುತ್ತದೆ. ಎಂಜಿನ್ ಓಡಿಸಿಕೊಂಡೇ ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ, ಆ ಸೋಮಾರಿತನ ಬೇಡ. ಚೈನಿನ ಸಡಿಲ ಹೆಚ್ಚಿನ ಬೈಕುಗಳಲ್ಲಿ 20ರಿಂದ 30 ಮಿ.ಮೀ., ನಿಮ್ಮದರ ಪುಸ್ತಕ ನೋಡಿ.

ಬ್ರೇಕ್ ವಿಷಯದಲ್ಲಿ ನಿಮ್ಮ ಎರಡು ಬೈಕು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಡಿಸ್ಕ್ ಒದ್ದೆಯಾದರೆ ಹಿಡಿದ ಮೊದಲ ಗಳಿಗೆ ಏನೂ ಆಗದಂತಿದ್ದು, ಆಮೇಲೆ ತಟ್ಟನೆ ಕಚ್ಚುತ್ತದೆ. ಹಾಗಾಗಿ ತಿರುವಿಗೆ ಮುಂಚೆ ಲಿವರನ್ನು ಹಗುರವಾಗಿ ಒಮ್ಮೆ ಸವರಿ ನೀರು ಒರೆಸಿಕೊಳ್ಳಬೇಕು. 150ರ ಹಿಂದೆ ಡ್ರಮ್ ಇದ್ದರೆ ಮಳೆಹನಿಯಿಂದ ಅದಕ್ಕೆ ತೊಂದರೆಯಿಲ್ಲ. ಆದರೆ ಚಕ್ರದ ನಡುವಿನವರೆಗೆ ನೀರಿನಲ್ಲಿ ಇಳಿದರೆ ಒಳಗೆ ನೀರು ನಿಂತು ಬ್ರೇಕ್ ಸುಮ್ಮನೆ ಜಾರುತ್ತದೆ. ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಪೆಡಲ್ ಹಗುರವಾಗಿ ಒತ್ತಿ ಹಿಡಿದರೆ ಶಾಖಕ್ಕೆ ಒಣಗುತ್ತದೆ. ಪ್ಯಾಡ್ ಅರ್ಧ ಸವೆದಿದ್ದರೆ ಹೊಸದು ಹಾಕಿಸಿಯೇ ಹೊರಡಿ. ಮಣ್ಣು ಕಲಸಿದ ನೀರು ಉಜ್ಜುವ ಕಾಗದದಂತೆ ತಿನ್ನುತ್ತದೆ.

ಮೆಕ್ಯಾನಿಕ್ ಬಳಿ ಹೋದಾಗ ಎರಡು ಕೆಲಸ ಮರೆಯದೆ ಮಾಡಿಸಿ. ಒಂದು, ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು, ಎರಡು ತುದಿಗೂ ಪ್ಲಾಸ್ಟಿಕ್ ಸುತ್ತಿ ಕೇಬಲ್ ಟ್ಯಾಗ್ (ಪ್ಲಾಸ್ಟಿಕ್ ಕಟ್ಟುಪಟ್ಟಿ) ಕಟ್ಟಿಸುವುದು. ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚದೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಇನ್ನೊಂದು ಸೈಡ್ ಸ್ಟ್ಯಾಂಡ್ ಸ್ವಿಚ್. ಹೊಸ ಬೈಕುಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ನಿಲ್ಲುತ್ತದಲ್ಲ, ಆ ಸ್ವಿಚ್ ನೆಲಕ್ಕೆ ಹತ್ತಿರ ಇರುವುದರಿಂದ ಕೆಸರು ಸೇರಿಕೊಂಡು, ಸ್ಟ್ಯಾಂಡ್ ಎತ್ತಿದ್ದರೂ ಇಳಿದಿದೆ ಎಂದೇ ಹೇಳತೊಡಗುತ್ತದೆ. ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಸ್ಟಾರ್ಟ್ ಆಗಿ ಮೊದಲ ಗೇರಿಗೆ ಬಿದ್ದೊಡನೆ ಆಫ್ ಆದರೆ ಅನುಮಾನವೇ ಬೇಡ, ಇದೇ. ಮೊದಲು ನೀರು ಸುರಿದು ತೊಳೆದು ಸ್ಟ್ಯಾಂಡನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಹೋಗದಿದ್ದರೆ ಯಾವ ವೈರನ್ನು ಯಾವುದಕ್ಕೆ ಸೇರಿಸಬೇಕು ಎಂದು ಊರಲ್ಲೇ ಕೇಳಿ ಬರೆದುಕೊಂಡಿರಿ, ಬೈಕಿನಿಂದ ಬೈಕಿಗೆ ಅದು ಬೇರೆ. ಹಾಗೆ ಸೇರಿಸಿದ ಮೇಲೆ ಸ್ಟ್ಯಾಂಡ್ ಎತ್ತಿದ್ದೀರಾ ಎಂದು ನೋಡಿಕೊಳ್ಳುವ ಹೊಣೆ ನಿಮ್ಮದು. ಸ್ಪಾರ್ಕ್ ಪ್ಲಗ್ ಕ್ಯಾಪ್, ಬ್ಯಾಟರಿ ತುದಿ, ಹೊರಗೆ ಕಾಣುವ ಕನೆಕ್ಟರುಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿದರೆ ನೀರು ಒಳಗೆ ಹೋಗುವುದಿಲ್ಲ.

ಜೊತೆಗೆ ಒಯ್ಯಬೇಕಾದ್ದು ಹೆಚ್ಚೇನಿಲ್ಲ: ಫ್ಯೂಸುಗಳು, ಒಂದು ಪ್ಲಗ್ ಮತ್ತು ಅದರ ಸ್ಪ್ಯಾನರ್, ಪಂಕ್ಚರ್ ಕಿಟ್, ಕೈಪಂಪು, ಇನ್ಸುಲೇಶನ್ ಟೇಪು, ಟ್ಯಾಗುಗಳು, ಹೆಡ್‌ಲೈಟ್ ಬಲ್ಬು. ಟ್ಯೂಬ್‌ಲೆಸ್ ಟೈರಿಗೆ ಬತ್ತಿ (ತೂತಿಗೆ ತುರುಕುವ ಅಂಟು ರಬ್ಬರ್ ಪಟ್ಟಿ) ಹಾಕುವಾಗ ತೂತಿನ ಸುತ್ತ ಚೆನ್ನಾಗಿ ಒರೆಸಿ. ಒದ್ದೆ ರಬ್ಬರಿಗೆ ಅಂಟು ಹಿಡಿಯುವುದಿಲ್ಲ, ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಬತ್ತಿ ಉಗುಳುತ್ತದೆ. ಕಡ್ಡಿ ಚಕ್ರವಾದರೆ ಟ್ಯೂಬುಗಳನ್ನೇ ಒಯ್ಯಬೇಕು.

ಈಗ ನಿಮ್ಮ ರೈನ್‌ಕೋಟ್. ಪ್ಯಾಂಟು ಬೇರೆ, ಕೋಟು ಬೇರೆ ಇರುವುದನ್ನೇ ಕೊಳ್ಳಿ. ಪೊಂಚೊ ಬೇಡ, ಅದರ ಅಂಚು ಗಾಳಿಗೆ ಹಾರಿ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಎಂಥ ಕೋಟಾದರೂ ಮೊದಲು ಸೋರುವುದು ಕೂರುವ ಜಾಗದ ಹೊಲಿಗೆ. ಅಲ್ಲಿ ಒಳಗಿನಿಂದ ಟೇಪು ಅಂಟಿಸಿದ್ದಾರಾ ಎಂದು ನೋಡಿ. ಪ್ಯಾಂಟು ಯಾವತ್ತೂ ಶೂ ಮೇಲೆ ಬರಬೇಕು. ಶೂ ಒಳಗೆ ತುರುಕಿದರೆ ಇಡೀ ಕಾಲಿನ ನೀರು ಪಾದಕ್ಕೇ ಇಳಿಯುತ್ತದೆ. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಶೂ. ನೋಡಲು ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ. ತೋಟದವರು ಹಾಕುವ ಗಂಬೂಟು ಇನ್ನೂ ಒಳ್ಳೆಯದು, ಆದರೆ ಅದರ ದಪ್ಪ ಮೂತಿ ನಿಮ್ಮ ಗೇರ್ ಲಿವರ್ ಕೆಳಗೆ ಹೋಗುತ್ತದಾ ಎಂದು ಮನೆಯ ಮುಂದೆಯೇ ಪರೀಕ್ಷಿಸಿ. ಕೈಗೆ, ಗ್ಲೌಸಿನ ಒಳಗೆ ತೆಳು ರಬ್ಬರ್ ಗ್ಲೌಸು. ಚಳಿಯಿಂದ ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಹಿಡಿದಿದ್ದೀರಿ ಎಂದು ತಿಳಿಯುವುದಿಲ್ಲ. ಮಳೆಯಲ್ಲಿ ಬೀಳುವವರಲ್ಲಿ ಎಷ್ಟೋ ಜನ ರಸ್ತೆ ಜಾರಿ ಬಿದ್ದೆ ಎನ್ನುತ್ತಾರೆ, ನಿಜವಾಗಿ ಜಾರಿದ್ದು ಬೆರಳಿನ ಸ್ಪರ್ಶ.

ಬಣ್ಣದ ವೈಸರ್ ತೆಗೆದು ಪಾರದರ್ಶಕ ಹಾಕಿಸಿ. ಒಳಗೆ ಮಂಜು ಕಟ್ಟುವುದಕ್ಕೆ ಪಿನ್‌ಲಾಕ್ (ವೈಸರ್ ಒಳಗೆ ಕೂರಿಸುವ, ಮಂಜು ತಡೆಯುವ ಹಾಳೆ) ಇದ್ದರೆ ಮಾತೇ ಇಲ್ಲ. ಇಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಒಳಮೈಗೆ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಹೊಳೆಯುವಂತೆ ಒರೆಸಿ. ಅರ್ಧ ದಿನ ಬರುತ್ತದೆ. ಬ್ಯಾಗಿನ ರೈನ್‌ಕವರನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಏರುತ್ತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಟ್ಟೆ ತುಂಬಿ ಬಾಯಿ ತಿರುಚಿ ಕಟ್ಟಿ. ರಾತ್ರಿಯ ಒಂದು ಜೊತೆ ಬಟ್ಟೆಗೆ ಇನ್ನೊಂದು ಚೀಲ. ಆ ಜೊತೆಯನ್ನು ಹಗಲಲ್ಲಿ ಯಾವ ಕಾರಣಕ್ಕೂ ಹಾಕಬೇಡಿ.

ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಜೋರು ಮಳೆ ಬಂದ ಮರುದಿನ ಅದರ ಅಂಡರ್‌ಪಾಸುಗಳಲ್ಲಿ ಆಳ ನೋಡದೆ ಇಳಿಯಬೇಡಿ. ಮೈಸೂರು ದಾಟಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ. ಇಲ್ಲಿಯವರೆಗೆ ತುಂತುರು ಮಾತ್ರ ಇದ್ದು, ಇಷ್ಟೇನಾ ಕೊಡಗಿನ ಮಳೆ ಅನ್ನಿಸಬಹುದು. ಕುಶಾಲನಗರದಿಂದ ಮಡಿಕೇರಿಗೆ 30 ಕಿ.ಮೀ. ಆಸುಪಾಸು, ಅಷ್ಟರಲ್ಲಿ 300 ಮೀಟರಿಗೂ ಹೆಚ್ಚು ಏರುತ್ತೀರಿ. ಆನೆಕಾಡು ದಾಟುತ್ತಿದ್ದಂತೆ ಹವೆಯೇ ಬದಲಾಗುತ್ತದೆ. ಒಣಗಿದ್ದೀರಿ ಎಂದು ಬಿಚ್ಚಿಟ್ಟ ರೈನ್‌ಕೋಟನ್ನು ಕುಶಾಲನಗರದಲ್ಲೇ ಹಾಕಿಕೊಳ್ಳಿ. ಪೆಟ್ರೋಲ್ ಫುಲ್ ಮಾಡಿಸಿ, ನಗದು ತೆಗೆದಿಟ್ಟುಕೊಳ್ಳಿ. ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ, ಆಮೇಲೆ ಫೋನಿನಲ್ಲಿ ದುಡ್ಡು ಕೊಡುವುದೆಲ್ಲಿ ಬಂತು. ಮ್ಯಾಪ್ ಇಳಿಸಿಕೊಂಡಿದ್ದರೂ ಒದ್ದೆ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಊರುಗಳ ಹೆಸರು ಬರೆದ ಚೀಟಿಯನ್ನು ಟ್ಯಾಂಕಿಗೆ ಅಂಟಿಸಿಕೊಂಡರೆ ಅದೇ ವಾಸಿ.

ಒಳಗಿನ ರಸ್ತೆಗಳಲ್ಲಿ ಕಣ್ಣಿಡಬೇಕಾದ್ದು ನೀರಿಗಿಂತ ನೀರಿನ ಜೊತೆ ಬರುವುದರ ಮೇಲೆ. ತೋಟದ ಗೇಟುಗಳ ಮುಂದೆ ಟ್ರ್ಯಾಕ್ಟರ್ ಚಕ್ರ ತಂದು ಹಾಕಿದ ಕೆಂಪು ಮಣ್ಣು ಬೆಣ್ಣೆಯಂತಿರುತ್ತದೆ. ಬಿಸಿಲೇ ಬೀಳದ ತಿರುವಿನ ಅಂಚಿನಲ್ಲಿ ಡಾಂಬರಿನ ಮೇಲೇ ಪಾಚಿ ಕಟ್ಟಿರುತ್ತದೆ, ದೂರದಿಂದ ಬರೀ ಕಪ್ಪಾಗಿ ಕಾಣುತ್ತದೆ. ಬಿದಿರೆಲೆ, ಸಿಲ್ವರ್ ಓಕ್ ಎಲೆ, ರೋಡ್ ಹಂಪಿನ ಬಿಳಿ ಬಣ್ಣ, ಸೇತುವೆಯ ಕಬ್ಬಿಣದ ಜಾಯಿಂಟು: ಇವುಗಳ ಮೇಲೆ ಬೈಕ್ ನೆಟ್ಟಗಿರಬೇಕು, ಬ್ರೇಕ್ ಹಿಡಿದಿರಬಾರದು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ವಾಲಿದ ಬೈಕನ್ನು ಅದು ಉಳಿಸುತ್ತದೆ ಎಂದುಕೊಳ್ಳಬೇಡಿ. ಇಳಿಜಾರಿನಲ್ಲಿ ಎರಡನೇ ಗೇರ್, ತಿರುವಿಗೆ ಮುಂಚೆಯೇ ವೇಗ ಮುಗಿಸಿರಬೇಕು, ಹಾರ್ನ್ ಹೊಡೆಯಬೇಕು. ಎದುರಿನಿಂದ ಬಸ್ಸು ಬಂದರೆ ಇಡೀ ರಸ್ತೆ ಅದರದ್ದೇ ಎಂದುಕೊಳ್ಳಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದುನಿಲ್ಲುತ್ತದೆ. ಲೋ ಬೀಮ್ ಸಾಕು.

ಇಬ್ಬರಲ್ಲಿ ಮುಂದೆ ಹೋಗಬೇಕಾದವರು 150ರ ಗೆಳೆಯ. ನೀವು ಮುಂದಿದ್ದರೆ ಅವರು ನಿಮ್ಮನ್ನು ಹಿಡಿಯಲು ಹೋಗಿ ತಮ್ಮ ಮಿತಿ ಮೀರುತ್ತಾರೆ. ನಡುವೆ ನಾಲ್ಕು ಸೆಕೆಂಡಿನ ಅಂತರ. ಯಾವುದೇ ಕವಲಿನಲ್ಲಿ ಮುಂದಿನವರು ನಿಲ್ಲಬೇಕು, ಹಿಂದಿನವರು ಕಣ್ಣಿಗೆ ಬಿದ್ದ ಮೇಲೇ ತಿರುಗಬೇಕು. ಫೋನ್ ಸಿಗದ ಊರಲ್ಲಿ ತಪ್ಪಿಸಿಕೊಳ್ಳದಿರಲು ಇದೊಂದೇ ಉಪಾಯ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಟ ಬಿಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ಮುಕ್ಕಾಲು ಗಂಟೆಗೊಮ್ಮೆ ನಿಂತು ಬಿಸಿ ಕಾಫಿ. ನಡುಕ ಶುರುವಾದ ಮೇಲೆ ನಿಲ್ಲುವುದು ತಡವಾಯಿತು.

ಮಡಿಕೇರಿಯಿಂದ ಭಾಗಮಂಡಲ 40 ಕಿ.ಮೀ.ಗೆ ಸ್ವಲ್ಪ ಕಡಿಮೆ. ಅಲ್ಲಿಂದ ನಾಪೋಕ್ಲು ಮೇಲೆ ವಿರಾಜಪೇಟೆಗೆ ಹೋಗುವುದು ಚಂದ, ಆದರೆ ಕಾವೇರಿ ತುಂಬಿದರೆ ಮೊದಲು ಮುಳುಗುವುದು ಭಾಗಮಂಡಲ–ನಾಪೋಕ್ಲು ರಸ್ತೆಯೇ. ಮುಳುಗಿದ್ದರೆ ಮಡಿಕೇರಿಗೆ ವಾಪಸಾಗಿ ಮೂರ್ನಾಡು, ಬೇತ್ರಿ ಮೇಲೆ ಹೋಗಿ. ರಸ್ತೆಯ ಮೇಲೆ ಹರಿಯುವ ನೀರನ್ನು ಬೈಕಿನಲ್ಲಿ ದಾಟಲೇಬಾರದು, ಕೆಳಗೆ ರಸ್ತೆ ಇದೆ ಎಂಬ ಖಾತರಿ ಯಾರಿಗೂ ಇಲ್ಲ. ನಿಂತ ನೀರು ಚಕ್ರದ ನಡುವಿಗಿಂತ ಕೆಳಗಿದ್ದರೆ ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಇಳಿಸದೆ, ಒಬ್ಬೊಬ್ಬರಾಗಿ. ನಡುವೆ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಮೇಲೆ ತಂದು ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ ನೀರು ಹೊರಹಾಕಿ. ಆಯಿಲ್ ಹಾಲು ಬೆರೆತಂತೆ ಕಂಡರೆ ಸ್ಟಾರ್ಟ್ ಮಾಡದೆ ಗಾಡಿಗೆ ಹಾಕಿ ಕಳಿಸಿ.

ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ ಮಳೆಗೆ ಆಸರೆ ಸಿಕ್ಕಿತೆಂದು ನಿಲ್ಲಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡಗಳು ಜಾರಿದ್ದು, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, ಎಲ್ಲವೂ ಆಗಸ್ಟ್ ತಿಂಗಳ ಸತತ ಮಳೆಯಲ್ಲೇ. ವಾಲಿದ ಕಂಬ, ಬರೆಯಿಂದ (ರಸ್ತೆ ಬದಿಯ ಕಡಿದ ಗುಡ್ಡದ ಮೈ) ಹೊಸದಾಗಿ ಚಿಮ್ಮುವ ಕೆಸರು ನೀರು, ಉರುಳುವ ಸಣ್ಣ ಕಲ್ಲು ಕಂಡರೆ ಬಂದ ದಾರಿಗೆ ತಿರುಗಿ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204 ಮಿ.ಮೀ.ಗೂ ಹೆಚ್ಚು ಮಳೆಯ ಸೂಚನೆ. ಅದಕ್ಕಿಂತ ಸುಲಭದ ಗುರುತು ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟಿದ್ದಾರಾ ಎಂಬುದು. ಕೊಟ್ಟಿದ್ದರೆ ನೀವೂ ರಜೆ ಹಾಕಿ ರೂಮಿನಲ್ಲೇ ಕೂರಿ. ನಾಲ್ಕು ದಿನದಲ್ಲಿ ಒಂದು ದಿನ ಹೀಗೆ ಹೋಗುತ್ತದೆ ಎಂದು ಮೊದಲೇ ಇಟ್ಟುಕೊಳ್ಳಿ.

ಆನೆ ಕಂಡರೆ ದೂರದಲ್ಲೇ ನಿಂತು, ಎಂಜಿನ್ ಆರಿಸದೆ, ಬೈಕನ್ನು ತಿರುಗಿಸಿ ಇಟ್ಟುಕೊಳ್ಳಿ. ಹಾರ್ನ್, ಫೋಟೋ ಎರಡೂ ಬೇಡ. ವಾಪಸು ಬರುವಾಗ ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ಮೇಲೆ ಹುಣಸೂರಿಗೆ ಬಂದರೆ ದಾರಿ ಕಾಡಿನೊಳಗೆ ಹೋಗುತ್ತದೆ. ಅದನ್ನು ಮಧ್ಯಾಹ್ನದೊಳಗೆ ಮುಗಿಸಿ.

ಉಂಬಳಕ್ಕೆ (ಜಿಗಣೆಗೆ) ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಹೊಗೆಸೊಪ್ಪಿನ ಪುಡಿ ಸಾಕು, ಶೂ ಅಂಚಿಗೆ ಸವರಿ. ಒದ್ದೆ ಶೂಗೆ ದಿನಪತ್ರಿಕೆ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಒಲೆಯ ಹತ್ತಿರ ಇಟ್ಟರೆ ಸೋಲ್ ಬಿಡುತ್ತದೆ. ಹೆಲ್ಮೆಟ್ಟನ್ನಂತೂ ಬೆಂಕಿಯ ಬಳಿ ತರಲೇಬೇಡಿ. ಆಗಸ್ಟ್ 3ರವರೆಗೆ ಉಳಿಯುವ ಹಾಗಿದ್ದರೆ ಅದು ಕಕ್ಕಡ ಹದಿನೆಂಟು, ಅಂದರೆ ಕಕ್ಕಡದ ಹದಿನೆಂಟನೇ ದಿನ, ಮದ್ದುಸೊಪ್ಪು ಎಂಬ ಔಷಧಿ ಗಿಡದ ನೇರಳೆ ಬಣ್ಣದ ಪಾಯಸ ಸಿಗುತ್ತದೆ. ಮರುದಿನ ಮೂತ್ರದ ಬಣ್ಣ ನೋಡಿ ಆಸ್ಪತ್ರೆ ಹುಡುಕಬೇಡಿ, ಅದು ಸೊಪ್ಪಿನದೇ ಬಣ್ಣ.