ಮನೆ ಖಾಲಿ ಮಾಡುವವರ ಸಾಮಾನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪರೀಕ್ಷೆಗಳು ಮುಗಿದು ವರ್ಗಾವಣೆಯ ಆದೇಶಗಳು ಹೊರಬೀಳುವ ಮೇ, ಜೂನ್ ತಿಂಗಳುಗಳಲ್ಲಿ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಮನೆ ಖಾಲಿ ಮಾಡುವ ಕುಟುಂಬಗಳು ಹೆಚ್ಚುತ್ತವೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ, ಧಾರವಾಡದಲ್ಲಿ ಹೈಕೋರ್ಟ್ ಪೀಠ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಮತ್ತು 2016ರಲ್ಲಿ ಆರಂಭವಾದ ಐಐಟಿಯೂ ಇರುವುದರಿಂದ ಬಂದು ನೆಲೆಸಿ ಹೋಗುವವರು ಇಲ್ಲಿ ಯಾವಾಗಲೂ ಇದ್ದೇ ಇರುತ್ತಾರೆ. ಅವರು ಬಿಟ್ಟುಹೋಗುವ ಸಾಮಾನು ಕೊಳ್ಳುವ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಶನಿವಾರ ಬೆಳಿಗ್ಗೆ ಸೊಸೆ, ಮೊಮ್ಮಕ್ಕಳೊಂದಿಗೆ ಸುತ್ತಮುತ್ತಲಿನ ಗ್ಯಾರೇಜ್ ಸೇಲ್‌ಗಳಿಗೆ ಹೋಗುತ್ತಿದ್ದೆವು. ಜನ ತಮ್ಮ ಮನೆಯ ಮುಂದೆ ಹಳೆಯ ಸಾಮಾನುಗಳಿಗೆ ಬೆಲೆಯ ಚೀಟಿ ಅಂಟಿಸಿ ಮಾರುತ್ತಾರೆ. ನಮ್ಮ ಬಡಾವಣೆಯಲ್ಲೂ ಹೀಗೆ ನಡೆಸಬಹುದೇ? ಮುಂದಿನ ಸಲ ಹೋದಾಗ ಅಲ್ಲಿ ಅಗ್ಗವಾಗಿ ಸಿಗುವ ಟೋಸ್ಟರ್, ಮಿಕ್ಸರ್, ಮಗುವಿನ ತೊಟ್ಟಿಲು ತರಬಹುದೇ? (ಸಪ್ತಾಪುರ, ಧಾರವಾಡ)

ಉತ್ತರ: ಮೊದಲು ತರುವ ವಿಚಾರ. ಅಮೆರಿಕದ ಮನೆಗಳಲ್ಲಿರುವುದು 120 ವೋಲ್ಟ್‌ನ ವಿದ್ಯುತ್ತು, ನಮ್ಮಲ್ಲಿರುವುದು 230 ವೋಲ್ಟ್‌ನದು. ಅಲ್ಲಿಯ ಟೋಸ್ಟರನ್ನು ಪ್ಲಗ್ ಮಾತ್ರ ಬದಲಿಸಿ ಇಲ್ಲಿ ಹಚ್ಚಿದರೆ ಅದು ಸುಟ್ಟುಹೋಗುತ್ತದೆ, ಬೆಂಕಿ ಹತ್ತುವ ಅಪಾಯವೂ ಇದೆ. ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದಾದರೂ ಬಿಸಿಮಾಡುವ ಉಪಕರಣಗಳಿಗೆ ಬೇಕಾಗುವ ದೊಡ್ಡ ಟ್ರಾನ್ಸ್‌ಫಾರ್ಮರಿನ ಬೆಲೆ ಆ ಉಪಕರಣದ ಹಲವು ಪಟ್ಟಾಗುತ್ತದೆ. 100ರಿಂದ 240 ವೋಲ್ಟ್ ಎಂದು ಮೈಮೇಲೆ ಮುದ್ರಿಸಿರುವ ಚಾರ್ಜರುಗಳಿಗೆ ಮಾತ್ರ ಈ ತೊಂದರೆ ಇಲ್ಲ. ತೊಟ್ಟಿಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪಕ್ಕದ ಕಟಕಟೆ ಕೆಳಗೆ ಸರಿಯುವ ಮಾದರಿಯ ತೊಟ್ಟಿಲುಗಳಲ್ಲಿ ಶಿಶುಗಳು ಸಿಕ್ಕಿಕೊಂಡು ಸತ್ತ ಪ್ರಕರಣಗಳಿಂದಾಗಿ 2011ರ ಜೂನ್‌ನಲ್ಲಿ ಆ ದೇಶ ಅವುಗಳ ಮಾರಾಟವನ್ನೇ ನಿಷೇಧಿಸಿತು. ಹಳೆಯ ತೊಟ್ಟಿಲು ಮನೆಯೊಂದರ ಮೂಲೆಯಲ್ಲಿ ಉಳಿದಿದ್ದು ಮಾರಾಟಕ್ಕೆ ಬಂದರೆ, ಅದನ್ನು ಮುಟ್ಟಬೇಡಿ. ಮಕ್ಕಳ ಪುಸ್ತಕ, ಉಣ್ಣೆಯ ಬಟ್ಟೆ, ಸ್ಟೀಲಿನ ಪಾತ್ರೆ ಇಂಥವನ್ನು ವಿಮಾನದ ತೂಕದ ಮಿತಿ ನೋಡಿಕೊಂಡು ಧಾರಾಳವಾಗಿ ತನ್ನಿ.

ಇನ್ನು ನಿಮ್ಮ ಬಡಾವಣೆಯ ಮಾತು. ಖಂಡಿತ ನಡೆಸಬಹುದು ಮತ್ತು ನಡೆಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಹೆಚ್ಚಿನವರು ಬಳಸದ ಸಾಮಾನನ್ನು ಅಟ್ಟದ ಮೇಲೆ ಏರಿಸಿ ವರ್ಷಗಟ್ಟಲೆ ಇಡುತ್ತಾರೆ, ಕೊನೆಗೆ ಮನೆ ಬಿಡುವ ವಾರ ಗಾಬರಿಯಲ್ಲಿ ಸಿಕ್ಕ ದರಕ್ಕೆ ಗುಜರಿಯವರಿಗೆ ಹಾಕುತ್ತಾರೆ. ಇದರಿಂದ ಮಾರುವವರಿಗೆ ಹಣವೂ ಬರುವುದಿಲ್ಲ, ಎರಡು ಮನೆ ಆಚೆ ಅದೇ ವಸ್ತುವಿನ ಅಗತ್ಯವಿದ್ದವರಿಗೆ ಸುಳಿವೂ ಸಿಗುವುದಿಲ್ಲ. ಒಬ್ಬರೇ ಮಾರಲು ಕುಳಿತರೆ ಸಂಕೋಚವೆನಿಸೀತು. ಹತ್ತು-ಹನ್ನೆರಡು ಮನೆಯವರು ಒಂದೇ ದಿನ ತಮ್ಮ ತಮ್ಮ ಗೇಟಿನ ಒಳಗೆ ಸಾಮಾನು ಹೊಂದಿಸಿಟ್ಟರೆ ಆ ಸಂಕೋಚ ತಾನಾಗಿ ಹೋಗುತ್ತದೆ. ಬೇಸಿಗೆಯಾದರೆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸಾಕು, ಆಮೇಲಿನ ಬಿಸಿಲಿನಲ್ಲಿ ಯಾರೂ ಬರುವುದಿಲ್ಲ. ಮಂಗಳವಾರ, ಶುಕ್ರವಾರ ಮನೆಯ ವಸ್ತು ಹೊರಗೆ ಕೊಡಲು ಹಿರಿಯರು ಒಪ್ಪದ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ, ಅಮಾವಾಸ್ಯೆಯಂತೂ ಬೇಡವೇ ಬೇಡ. ಆದ್ದರಿಂದ ಪಂಚಾಂಗ ನೋಡಿ ಭಾನುವಾರವನ್ನು ಗೊತ್ತುಮಾಡಿ. ಪ್ರತಿ ವಸ್ತುವಿನ ಮೇಲೂ ಬೆಲೆ ಬರೆದಿರಲಿ, ಏಕೆಂದರೆ ನೆರೆಯವರ ಬಾಯಿಂದ ಬೆಲೆ ಕೇಳುವುದಕ್ಕಿಂತ ಚೀಟಿಯಲ್ಲಿ ಓದುವುದು ಎರಡೂ ಕಡೆಯವರಿಗೆ ಸುಲಭ.

ಕೊಳ್ಳಲು ಹೋಗುವ ಕುಟುಂಬಕ್ಕೆ ನಾನು ಹೇಳುವುದು ಒಂದೇ. ಹಿಂದಿನ ರಾತ್ರಿ ಊಟದ ನಂತರ ಎಲ್ಲರೂ ಕುಳಿತು ಮನೆಯಲ್ಲಿ ನಿಜವಾಗಿ ಏನು ಇಲ್ಲ ಎಂಬುದನ್ನು ಬರೆದುಕೊಳ್ಳಿ, ಕಪಾಟು ಅಥವಾ ಟೇಬಲ್ ಬೇಕಿದ್ದರೆ ಅದನ್ನು ಇಡುವ ಜಾಗವನ್ನೂ ಒಳಗೆ ಒಯ್ಯಬೇಕಾದ ಬಾಗಿಲನ್ನೂ ಅಳೆದಿಟ್ಟುಕೊಳ್ಳಿ. ಐವತ್ತು ರೂಪಾಯಿಗೆ ಸಿಕ್ಕಿತೆಂದು ತಂದ ಮೂರನೆಯ ಇಡ್ಲಿ ಪಾತ್ರೆಯಿಂದ ಐವತ್ತು ರೂಪಾಯಿ ಹೋಯಿತೇ ಹೊರತು ಏನೂ ಉಳಿಯಲಿಲ್ಲ. ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ, ಪ್ರತಿಯೊಬ್ಬರ ಕೈಗೂ ಒಂದಿಷ್ಟು ಹಣ ಕೊಟ್ಟು ಅದರಲ್ಲೇ ಆರಿಸಿಕೊಳ್ಳಲು ಬಿಡಿ. ಹೊಸ ಅಂಗಡಿಯಲ್ಲಿ ಹಟ ಹಿಡಿಯುವ ಮಗು ತನ್ನದೇ ಹಣ ಎಂದಾಗ ಎರಡು ಮನೆ ಸುತ್ತಿ, ಎರಡು ಪುಸ್ತಕ ಹೋಲಿಸಿ ನೋಡುತ್ತದೆ. ಅದು ಆರಿಸಿದ್ದನ್ನು ದೊಡ್ಡವರು ಅಲ್ಲೇ ಹೀಯಾಳಿಸಬಾರದು. ಬಣ್ಣ ಎದ್ದ ಹಳೆಯ ಆಟಿಕೆಗಳನ್ನು ಮಾತ್ರ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ: ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶಕ್ಕೆ ಕಟ್ಟುನಿಟ್ಟಿನ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ, ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರಲ್ಲಿ.

ಪ್ರಶ್ನೆ: ನವನಗರದಲ್ಲಿ ವರ್ಗವಾಗಿ ಹೋಗುತ್ತಿರುವ ಕುಟುಂಬವೊಂದು ಎಂಟು ವರ್ಷ ಹಳೆಯ ಎರಡು ಬಾಗಿಲಿನ ಫ್ರಿಜ್ಜನ್ನು 5,000 ರೂಪಾಯಿಗೆ ಕೊಡುತ್ತೇವೆ ಎನ್ನುತ್ತಿದೆ. ತೆಗೆದುಕೊಳ್ಳಬಹುದೇ? (ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಫ್ರಿಜ್ ವಿಷಯದಲ್ಲಿ ಕೊಳ್ಳುವ ಬೆಲೆಗಿಂತ ನಡೆಸುವ ಬೆಲೆಯನ್ನು ಮೊದಲು ನೋಡಬೇಕು. ಬಾಗಿಲ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ಅದು ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ ಎಂಬ ಅಂಕಿಯೂ, ಆ ಲೇಬಲ್ ಯಾವ ವರ್ಷದ್ದು ಎಂಬುದೂ ಇರುತ್ತದೆ. ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುತ್ತ ಬಂದಿರುವುದರಿಂದ ಅಂದಿನ ನಾಲ್ಕು ನಕ್ಷತ್ರ ಇಂದಿನ ನಾಲ್ಕಕ್ಕೆ ಸಮವಲ್ಲ. ಹಳೆಯದು ಹೊಸದಕ್ಕಿಂತ ವರ್ಷಕ್ಕೆ 150 ಯೂನಿಟ್ ಹೆಚ್ಚು ಎಳೆದರೆ, ಯೂನಿಟ್ಟಿಗೆ ಸ್ಥೂಲವಾಗಿ 6 ರೂಪಾಯಿ ಹಿಡಿದರೂ ವರ್ಷಕ್ಕೆ 900 ರೂಪಾಯಿ ಹೋಯಿತು. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದರೆ ಲೆಕ್ಕ ಇನ್ನೂ ಸೂಕ್ಷ್ಮ. ಆ ಯೋಜನೆಯಲ್ಲಿ ನಿಮಗೆ ನಿಗದಿಯಾದ ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಈಗಾಗಲೇ 190ರ ಆಸುಪಾಸಿನಲ್ಲಿರುವ ಮನೆಗೆ ಹಳೆಯ ಫ್ರಿಜ್ ಬಂದರೆ ಅಗ್ಗವಾಗಿ ಸಿಕ್ಕಿತೆಂಬ ಸಂತೋಷ ಹೆಸ್ಕಾಂ ಬಿಲ್ ಬರುವವರೆಗೆ ಮಾತ್ರ.

ನೋಡಲು ಹೋಗುವ ಹಿಂದಿನ ದಿನವೇ ಫೋನ್ ಮಾಡಿ, ರಾತ್ರಿಯಿಡೀ ಫ್ರಿಜ್ ಚಾಲೂ ಇಡುವಂತೆ ಕೇಳಿಕೊಳ್ಳಿ, ಮೇಲಿನ ಖಾನೆಯಲ್ಲಿ ಒಂದು ಬಟ್ಟಲು ನೀರು ಇಡಲು ಹೇಳಿ. ಬೆಳಿಗ್ಗೆ ಆ ನೀರು ಗಟ್ಟಿಯಾದ ಬರ್ಫವಾಗಿರಬೇಕು. ಬಾಗಿಲ ರಬ್ಬರಿನ ನಡುವೆ ಒಂದು ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ ಎಂದು ತಿಳಿಯಿರಿ. ಅದನ್ನು ಬದಲಿಸಬಹುದು, ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇನ್ವರ್ಟರ್ ಮಾದರಿಯಲ್ಲದ ಕಂಪ್ರೆಸರ್ ನಡುನಡುವೆ ನಿಲ್ಲಬೇಕು, ಒಂದೇ ಸಮನೆ ಓಡುತ್ತಿದ್ದರೆ ಗ್ಯಾಸ್ ಸೋರಿರಬಹುದು ಅಥವಾ ಥರ್ಮೋಸ್ಟಾಟ್ ಕೆಟ್ಟಿರಬಹುದು. ಒಯ್ಯುವಾಗ ನಿಲ್ಲಿಸಿಯೇ ಒಯ್ಯಬೇಕು. ಮನೆಗೆ ತಂದ ಕೂಡಲೇ ಸ್ವಿಚ್ ಹಾಕದೆ ಕೆಲವು ತಾಸು ಬಿಡಿ, ದಾರಿಯಲ್ಲಿ ಅಡ್ಡ ಮಲಗಿಸಿದ್ದರೆ ಒಂದು ದಿನ ಬಿಡುವುದು ಒಳ್ಳೆಯದು. ಇಷ್ಟೆಲ್ಲ ಸರಿಯಿದ್ದರೂ ಎಂಟು ವರ್ಷದ ಫ್ರಿಜ್ಜಿಗೆ 5,000 ಹೆಚ್ಚಾಯಿತೆಂದೇ ನನಗೆ ಅನ್ನಿಸುತ್ತದೆ. 3,000ದ ಆಸುಪಾಸಿಗೆ ಒಪ್ಪಿದರೆ ತೆಗೆದುಕೊಳ್ಳಿ.

ಪ್ರಶ್ನೆ: ಪಕ್ಕದ ಮನೆಯವರು ಊರು ಬಿಡುತ್ತಿದ್ದಾರೆ. ಅವರ ಡೈನಿಂಗ್ ಟೇಬಲ್ ನಮಗೆ ಬೇಕು. ಆದರೆ ಚೌಕಾಸಿ ಮಾಡಲು ನನಗೆ ಮುಜುಗರ, ನನ್ನ ಯಜಮಾನರಿಗೋ ಚೌಕಾಸಿ ಮಾಡದೆ ಕೊಂಡರೆ ನಿದ್ದೆ ಬರುವುದಿಲ್ಲ. (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಮಾಡುವ ಚೌಕಾಸಿಯನ್ನು ನೆರೆಮನೆಯ ಪಡಸಾಲೆಯಲ್ಲಿ ಮಾಡಬಾರದು. ಅಂಗಡಿಯವನು ನಾಳೆಯೂ ಅಂಗಡಿ ತೆರೆಯುತ್ತಾನೆ, ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿದೆ. ಮನೆ ಖಾಲಿ ಮಾಡುವವರಿಗೆ ಲಾರಿ ಬರುವ ದಿನ ಗೊತ್ತಾಗಿಬಿಟ್ಟಿರುತ್ತದೆ. ಆ ಅವಸರವನ್ನು ಹಿಡಿದು ಬೆಲೆ ಇಳಿಸುವುದು ಸರಿಯಲ್ಲ. ಯಜಮಾನರಿಗೆ ಸಮಾಧಾನವಾಗಲು ಒಂದೇ ಒಂದು ಸಲ, "ಕಡೇ ರೇಟು ಎಷ್ಟಕ್ಕ ಕೊಡ್ತೀರ್ರಿ?" ಎಂದು ನೇರವಾಗಿ ಕೇಳಲಿ, ಅವರು ಹೇಳಿದ್ದು ಒಪ್ಪಿಗೆಯಾದರೆ ಕೂಡಲೇ ಹಣ ಕೊಡಲಿ, ಒಪ್ಪಿಗೆಯಾಗದಿದ್ದರೆ ವಸ್ತುವನ್ನು ದೂಷಿಸದೆ ಬಿಟ್ಟುಬಿಡಲಿ. "ಇದು ಹಳೇದಾತು, ಯಾರ್ ತಗೋತಾರ" ಎಂಬಂಥ ಮಾತು ಆ ಟೇಬಲ್ಲಿನ ಸುತ್ತ ಕುಳಿತು ಉಂಡವರಿಗೆ ನೋವು ಕೊಡುತ್ತದೆ. ಅವರು ಹಣವೇ ಬೇಡವೆಂದರೆ ಸಾಗಾಟದ ದಿನ ಅವರ ಮನೆಗೆ ಊಟ, ಚಹಾ ಕಳಿಸಿ, ಒಲೆಯೂ ಕಟ್ಟಿಹೋಗಿರುವ ಆ ದಿನ ಅದರ ಬೆಲೆ ದೊಡ್ಡದು.

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ಸಂಬಂಧಿಕರ ಹಳೆಯ ಮನೆ ಕೆಡವುತ್ತಾರೆ. ಸಾಗವಾನಿಯ ಮಂಚ, ಅರಳೆಯ ಗಾದಿ, ತಾಮ್ರ-ಹಿತ್ತಾಳೆಯ ಪಾತ್ರೆ ಮಾರಲಿದ್ದಾರೆ. ಅಲ್ಲಿಂದ ಇಲ್ಲಿಗೆ ತರುವುದು ಲಾಭವೇ? (ಬೆಟಗೇರಿ, ಗದಗ)

ಉತ್ತರ: ಮಂಚದ ಕೆಳಗೆ ಮಂಡಿಯೂರಿ ನೋಡಿ. ಪಾಲಿಶ್ ಹಚ್ಚದ ಒಳಭಾಗದಲ್ಲಿ ಮರದ ನಿಜವಾದ ಬಣ್ಣ, ಎಳೆ ಕಾಣುತ್ತವೆ. ನೆಲದ ಮೇಲೆ ಹಿಟ್ಟಿನಂಥ ತಿಳಿಬಣ್ಣದ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳು ಜೀವಂತವಾಗಿದೆ. ಅದು ನಿಮ್ಮ ಮನೆಯ ಬಾಗಿಲ ಚೌಕಟ್ಟಿಗೂ ಹತ್ತೀತು, ಆದ್ದರಿಂದ ಎಷ್ಟು ಅಗ್ಗವಾದರೂ ಬೇಡ. ಹಳೆಯ ತೂತುಗಳಷ್ಟೇ ಇದ್ದು ಪುಡಿ ಇಲ್ಲದಿದ್ದರೆ ಬಡಗಿಯೊಬ್ಬರಿಗೆ ತೋರಿಸಿ ತೀರ್ಮಾನಿಸಿ. ಸಂದುಗಳಲ್ಲಿ, ಗಾದಿಯ ಹೊಲಿಗೆಯ ಉದ್ದಕ್ಕೂ ಕಪ್ಪು ಚುಕ್ಕೆಗಳಿದ್ದರೆ ತಗಣಿ ಇವೆ ಎಂದೇ ಅರ್ಥ. ಗಾದಿಯಲ್ಲಿ ಅವು ಇಲ್ಲವೆಂದು ಖಚಿತವಾದರೆ ಅರಳೆಯನ್ನು ಬಿಡಿಸಿ, ಬಿಸಿಲಿಗೆ ಹಾಕಿ, ಹಿಂಜಿಸಿ ಹೊಸ ಬಟ್ಟೆಯಲ್ಲಿ ಹೊಲಿಸಿಕೊಳ್ಳಿ, ಒಳ್ಳೆಯ ಹತ್ತಿ ಹಾಳಾಗಬೇಕಿಲ್ಲ.

ಪಾತ್ರೆಗಳನ್ನು ತೂಕ ಮಾಡಿ ಕೊಳ್ಳುವುದು ರೂಢಿ. ಹಿಂದಿನ ದಿನ ಭಾಂಡೆ ಅಂಗಡಿಯಲ್ಲಿ ಹಳೆಯ ತಾಮ್ರ, ಹಿತ್ತಾಳೆಗೆ ಏನು ದರ ಕೊಡುತ್ತಾರೆಂದು ವಿಚಾರಿಸಿ. ಸಂಬಂಧಿಕರಿಗೆ ಅದಕ್ಕಿಂತ ಕಡಿಮೆ ಕೊಡುವುದು ನ್ಯಾಯವಲ್ಲ. ನೀರಿಡುವ ತಾಮ್ರದ ಹಂಡೆ, ಕೊಡಗಳನ್ನು ತೊಳೆದು ಬಳಸಬಹುದು, ಅಡುಗೆಗೆ ಬಳಸುವ ಹಿತ್ತಾಳೆ ಪಾತ್ರೆಗೆ ಮಾತ್ರ ಒಳಗೆ ಕಲಾಯಿ ಹಾಕಿಸಲೇಬೇಕು, ಏಕೆಂದರೆ ಹುಳಿ, ಮಜ್ಜಿಗೆ ತಾಗಿದರೆ ಲೋಹ ಆಹಾರಕ್ಕೆ ಇಳಿಯುತ್ತದೆ. ಸಾಗಾಟಕ್ಕೆ ಧಾರವಾಡದಿಂದ ಗಾಡಿ ಮಾಡಿದರೆ ಹೋಗಿಬರುವ ಎರಡೂ ಕಡೆಯ ಬಾಡಿಗೆ ತೆರಬೇಕಾಗುತ್ತದೆ. ಗದಗದಿಂದ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಗೆ ಮಾಲು ತಂದು ಖಾಲಿ ಮರಳುವ ಗಾಡಿಯನ್ನು ನಿಮ್ಮ ಊರಲ್ಲೇ ಗೊತ್ತುಮಾಡಿ, ಹಮಾಲಿಯನ್ನು ಎರಡೂ ಕಡೆ ಮೊದಲೇ ಮಾತಾಡಿಕೊಳ್ಳಿ. ಮಂಚವೊಂದಕ್ಕಾಗಿಯೇ ಗಾಡಿ ಮಾಡುವುದಾದರೆ ಲಾಭವಿಲ್ಲ, ಎಲ್ಲವೂ ಒಂದೇ ಸಲ ಬಂದರೆ ಇದೆ.

ಪ್ರಶ್ನೆ: ವರ್ಗವಾಗಿ ಹೋಗುವ ಶಿಕ್ಷಕರೊಬ್ಬರು ತುಂಬಿದ ಸಿಲಿಂಡರ್ ಸಹಿತ ಗ್ಯಾಸ್ ಒಲೆಯನ್ನೂ, ಅವರ ಮಗನ ಮೊಬೈಲನ್ನೂ ಕೊಡುತ್ತಾರಂತೆ. ಏನು ನೋಡಿಕೊಳ್ಳಬೇಕು? (ಹಾವೇರಿ)

ಉತ್ತರ: ಮೊಬೈಲಿನಲ್ಲಿ ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್‌ಎಂಎಸ್ ಮಾಡಿ, ಕಳವಾದದ್ದೆಂದು ನಿರ್ಬಂಧಿಸಿದ ಫೋನಾದರೆ ತಿಳಿಯುತ್ತದೆ. ಗುರುತಿನವರೆಂದು ಇದನ್ನು ಬಿಡಬೇಡಿ, ಅವರೂ ಅದನ್ನು ಬೇರೆಯವರಿಂದ ಕೊಂಡಿರಬಹುದು. ಹಳೆಯ ಖಾತೆಯಿಂದ ಹೊರಬಂದು ಫೋನನ್ನು ನಿಮ್ಮೆದುರೇ ರಿಸೆಟ್ ಮಾಡಿಸಿ, ಮೂಲ ಬಿಲ್ಲನ್ನು ಕೇಳಿ ಪಡೆಯಿರಿ.

ಒಲೆಯನ್ನು ಐಎಸ್‌ಐ ಗುರುತು ನೋಡಿ ಕೊಳ್ಳಬಹುದು. ರಬ್ಬರ್ ನಳಿಕೆಯನ್ನು ಮಾತ್ರ ಹೊಸದಾಗಿಯೇ ಹಾಕಿಸಿ. ಸುರಕ್ಷಾ ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ನಿಯಮವಿದೆ, ಹಳೆಯದರ ವಯಸ್ಸು ನಿಮಗೆ ತಿಳಿಯುವುದು ಕಷ್ಟ. ಸಿಲಿಂಡರ್ ಮತ್ತು ರೆಗ್ಯುಲೇಟರ್ ಅವರು ಮಾರಬಹುದಾದ ಸ್ವತ್ತಲ್ಲ, ಠೇವಣಿಯ ಮೇಲೆ ಅವರ ಹೆಸರಿಗೆ ಕೊಟ್ಟದ್ದು. ಅವರು ಅವನ್ನು ತಮ್ಮ ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸು ಪಡೆದು, ವರ್ಗಾವಣೆಯ ವೋಚರ್ ತೆಗೆದುಕೊಂಡರೆ ಹೊಸ ಊರಿನಲ್ಲಿ ಸಂಪರ್ಕ ಸಿಗುತ್ತದೆ. ಇದನ್ನು ಶಿಕ್ಷಕರಿಗೆ ನೀವೇ ತಿಳಿಸಿ. ನಿಮಗೆ ಸಂಪರ್ಕ ಬೇಕಿದ್ದರೆ ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕಿ.